ಅಪ್ಪಯ್ಯನ ಅಂಬಾಸಿಡರ್‌ಗೆ ಪಾಯಿಂಟ್ ತೆಗೆಸಿದ್ದು

ಆಗುಂಬೆ ಘಾಟಿಯಲ್ಲಿ ಒಟ್ಟು 14 ತಿರುವು. ಸೋಮೇಶ್ವರದ ಕಡೆಯಿಂದ ಹತ್ತುವಾಗ ನಮ್ಮ ಕಾರು ನಿಂತದ್ದು ಒಂಬತ್ತನೆಯದರಲ್ಲಿ. ತಿರುವು ದಾಟಿ ನಿಂತಿದ್ದರೂ ಬೇಜಾರಿರಲಿಲ್ಲ. ಸರಿಯಾಗಿ ತಿರುವಿನ ಹೊಟ್ಟೆಯಲ್ಲೇ ನಿಂತಿತು. ಜುಲೈ ತಿಂಗಳು, ಸಂಜೆ ಐದು ಗಂಟೆ, ಕೈ ಚಾಚಿದರೆ ಬೆರಳು ಕಾಣದಷ್ಟು ಮಂಜು. ಹಿಂದೆ ಒಂದು ಮಿನಿ ಬಸ್ಸು, ಅದರ ಹಿಂದೆ ಏನೇನಿತ್ತೋ, ಹಾರನ್ ಮಾತ್ರ ಕೇಳುತ್ತಿತ್ತು. ಬಸ್ಸಿನ ಕಂಡಕ್ಟರ್ ಇಳಿದು ಬಂದು, ಬಾನೆಟ್ಟಿನ ಮೇಲೆ ಕೈಯಿಟ್ಟು, "ಅಂಬಾಸಿಡರಾ? ಪಾಯಿಂಟ್ ಹೋಗಿರ್ತದೆ ನೋಡಿ" ಎಂದ. ಇನ್ನೂ ಬಾನೆಟ್ ತೆಗೆದೇ ಇರಲಿಲ್ಲ!

ಅವನು ಹೇಳಿದ್ದು ಅರ್ಧ ಸರಿ. ಪ್ಲಗ್ಗಿಗೆ ಕಿಡಿ ಹುಟ್ಟಿಸಲು ಕರೆಂಟ್ ಕಡಿಯುವ ಸಿಬಿ ಪಾಯಿಂಟ್ (ಕಾಂಟ್ಯಾಕ್ಟ್ ಬ್ರೇಕರ್) ಸುಟ್ಟು ಕಪ್ಪಾಗಿತ್ತು. ಆದರೆ ಅದನ್ನು ಸುಟ್ಟದ್ದು ಕೆಟ್ಟುಹೋದ ಕಂಡೆನ್ಸರ್. ಅದು ನನಗೆ ಗೊತ್ತಾದದ್ದು ಆಮೇಲೆ.

ಡ್ಯಾಶ್‌ಬೋರ್ಡಿನ ಡಬ್ಬದಲ್ಲಿ ಬೆಂಕಿಪೊಟ್ಟಣ ಮತ್ತು ಒಂದು ಮದುವೆ ಕಾರ್ಡು ಯಾವಾಗಲೂ ಇರುತ್ತದೆ. ಕಾರ್ಡು 1988ರಲ್ಲಿ ಆದ ಚಿಕ್ಕಮ್ಮನ ಮದುವೆಯದು. ಅಪ್ಪಯ್ಯ ಕಾರು ಓಡಿಸುತ್ತಿದ್ದ ಕಾಲದಿಂದಲೂ ಅದು ಅಲ್ಲೇ. ದಾರಿಯಲ್ಲಿ ಕಾರು ನಿಂತರೆ ಅಪ್ಪಯ್ಯ ಮಾಡುತ್ತಿದ್ದದ್ದು ಇಷ್ಟೇ: ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್ ಬಿಚ್ಚಿ, ಬೆಂಕಿಪೊಟ್ಟಣದ ಗೀರುವ ಬದಿಯನ್ನು ಹರಿದು, ಅದರಲ್ಲಿ ಪಾಯಿಂಟ್ ಉಜ್ಜಿ, ಪಂಚೆಯ ಅಂಚಿನಲ್ಲಿ ಒರೆಸಿ, ಮದುವೆ ಕಾರ್ಡಿನ ಮೂಲೆಯನ್ನು ನಡುವೆ ತೂರಿಸಿ ಗ್ಯಾಪ್ ಹಿಡಿಯುವುದು. ಕಾರ್ಡು ಸಡಿಲವೂ ಇರಬಾರದು, ಬಿಗಿಯೂ ಇರಬಾರದು. ಹತ್ತು ನಿಮಿಷದ ಕೆಲಸ. ಆವತ್ತು ಮಳೆಯಲ್ಲಿ ಮಗಳು ಕೊಡೆ ಹಿಡಿದು ನಿಂತಳು, ನಾನು ಅದನ್ನೇ ಮಾಡಿದೆ. ಕಾರು ಹೊರಟಿತು. ಮನೆ ಮುಟ್ಟುವಷ್ಟರಲ್ಲಿ ಇನ್ನೂ ಎರಡು ಸಲ ನಿಂತಿತು.

ಆ ರಾತ್ರಿ ಮಗಳು ಕೇಳಿದಳು: "ಅಪ್ಪ, ನೀನು ಸ್ಕೂಲಲ್ಲಿ ಇದನ್ನೇ ಅಲ್ವಾ ಪಾಠ ಮಾಡೋದು?"

ಹೌದು. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು ನಾನು. ವಿದ್ಯುತ್ಕಾಂತೀಯ ಪ್ರೇರಣೆ ಎಂದು ಬೋರ್ಡಿನ ಮೇಲೆ ಇಪ್ಪತ್ತು ವರ್ಷ ಬರೆದವನು. ನಮ್ಮ ಮನೆಯ ಅಂಗಳದಲ್ಲೇ ನಿಂತಿದ್ದ ಪ್ರಯೋಗವನ್ನು ಒಂದು ದಿನವೂ ಸರಿಯಾಗಿ ನೋಡಿರಲಿಲ್ಲ.

ವಿಷಯ ಸರಳ. ಇಗ್ನಿಷನ್ ಕಾಯಿಲ್ ಒಳಗೆ ತಂತಿಯ ಎರಡು ಸುರುಳಿಗಳಿವೆ. ಒಂದರಲ್ಲಿ ಕೆಲವು ನೂರು ಸುತ್ತು, ಇನ್ನೊಂದರಲ್ಲಿ ಸಾವಿರಾರು. ಮೊದಲನೆಯದರಲ್ಲಿ 12 ವೋಲ್ಟ್ ಬ್ಯಾಟರಿಯ ಕರೆಂಟ್ ಹರಿಯುತ್ತಿರುತ್ತದೆ. ಅದನ್ನು ಫಟ್ಟನೆ ಕಡಿದರೆ ಎರಡನೆಯದರಲ್ಲಿ ಹದಿನೈದು, ಇಪ್ಪತ್ತು ಸಾವಿರ ವೋಲ್ಟ್ ಹುಟ್ಟುತ್ತದೆ. ಪ್ಲಗ್ಗಿನಲ್ಲಿ ಹಾರುವ ಕಿಡಿ ಅದೇ. ಹಾಗೆ ಕಡಿಯುವ ಕೆಲಸ ಪಾಯಿಂಟಿನದು. ಎರಡು ಪುಟ್ಟ ಲೋಹದ ಗುಂಡಿ, ಒಂದು ಸ್ಪ್ರಿಂಗ್, ಡಿಸ್ಟ್ರಿಬ್ಯೂಟರಿನಲ್ಲಿ ಸುತ್ತುವ ಮೂಲೆಮೂಲೆಯ ಕ್ಯಾಮ್ ಮೇಲೆ ಉಜ್ಜಿಕೊಂಡು ಅದನ್ನು ತೆರೆಯುವ ಒಂದು ಫೈಬರ್ ಹಿಮ್ಮಡಿ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ 1910ರ ಹೊತ್ತಿಗೆ ಕ್ಯಾಡಿಲಾಕ್ ಕಾರಿಗೆ ಇದನ್ನು ಮಾಡಿಕೊಟ್ಟ. ಅಪ್ಪಯ್ಯನ 1984ರ ಮಾರ್ಕ್ 4ರಲ್ಲೂ ಇರುವುದು ಅದೇ ಉಪಾಯ. ಒಂದು ಲೆಕ್ಕ ಹಾಕಿ ನೋಡಿದೆ. ನಾಲ್ಕು ಸಿಲಿಂಡರಿನ ಎಂಜಿನ್ 3000 ಆರ್‌ಪಿಎಂನಲ್ಲಿ ಓಡುವಾಗ ಪಾಯಿಂಟ್ ಸೆಕೆಂಡಿಗೆ ನೂರು ಸಲ ತೆರೆದು ಮುಚ್ಚಬೇಕು. ಪ್ರತಿ ಸಲವೂ ನಾಲ್ಕು ಆಂಪಿಯರ್ ಹತ್ತಿರ ಕರೆಂಟ್ ಕಡಿಯಬೇಕು. ಅದು ಸುಡುವುದರಲ್ಲಿ ಆಶ್ಚರ್ಯ ಇಲ್ಲ, ಇಷ್ಟು ದಿನ ಬಾಳುವುದೇ ಆಶ್ಚರ್ಯ.

ಸುಡದಂತೆ ನೋಡಿಕೊಳ್ಳುವುದು ಕಂಡೆನ್ಸರ್. ಪಾಯಿಂಟ್ ತೆರೆದ ಗಳಿಗೆಯಲ್ಲಿ ಕರೆಂಟು ಗ್ಯಾಪ್ ಹಾರದ ಹಾಗೆ ಅದನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಹೆಬ್ಬೆರಳಿನಷ್ಟು ಉದ್ದದ ಒಂದು ಡಬ್ಬಿ, ಅಷ್ಟೇ. ಅಪ್ಪಯ್ಯನ ಕಾಲದ ಕಂಡೆನ್ಸರ್ ಹತ್ತು ವರ್ಷ ಬಂದದ್ದಿದೆ. ಈಗ ಸಿಗುವುದು? ಆ ವರ್ಷ ನಾನು ಮೂರು ಹಾಕಿಸಿದ್ದೆ. ಒಂದು ನಾಲ್ಕು ತಿಂಗಳು, ಒಂದು ಆರು ವಾರ, ಇನ್ನೊಂದು ಆಗುಂಬೆಯ ಒಂಬತ್ತನೇ ತಿರುವಿನವರೆಗೆ. ಪಾಯಿಂಟ್ ಸೆಟ್ಟೂ ಹಾಗೇ. ಫೈಬರ್ ಹಿಮ್ಮಡಿ ಬೇಗ ಸವೆಯುತ್ತದೆ, ಗ್ಯಾಪ್ ಕಿರಿದಾಗುತ್ತದೆ, ಪಾಯಿಂಟ್ ತಡವಾಗಿ ತೆರೆಯುತ್ತದೆ, ಟೈಮಿಂಗ್, ಅಂದರೆ ಕಿಡಿ ಹಾರುವ ಗಳಿಗೆ, ಹಿಂದೆ ಬೀಳುತ್ತದೆ. ಪಿಕಪ್ ಹೋಯಿತು ಎಂದು ನಾವು ಕಾರ್ಬುರೇಟರ್ ಬಿಚ್ಚುತ್ತೇವೆ.

ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸೋಣ ಎಂದು ಮೇಸ್ತ್ರಿಗೆ ಹೇಳಿದೆ. ನಮ್ಮೂರಿನ ಮೇಸ್ತ್ರಿ ಅಪ್ಪಯ್ಯನ ಕಾಲದವರು. ಅವರು ನನ್ನನ್ನು ಮೇಷ್ಟ್ರೇ ಎನ್ನುತ್ತಾರೆ, ನಾನು ಅವರನ್ನು ಮೇಸ್ತ್ರಿ ಎನ್ನುತ್ತೇನೆ. ಪಕ್ಕದಲ್ಲಿ ನಿಂತವರಿಗೆ ಯಾರು ಯಾರನ್ನು ಕರೆದರು ಎಂದು ಗೊತ್ತಾಗುವುದಿಲ್ಲ.

"ಎಂತಕ್ಕೆ ಮೇಷ್ಟ್ರೇ?" ಎಂದರು. "ಪಾಯಿಂಟಾದ್ರೆ ಹಾಳಾಗುವ ಮುಂಚೆ ಹೇಳಿ ಹಾಳಾಗ್ತದೆ. ಮಿಸ್ಸಿಂಗ್ ಕೊಡ್ತದೆ, ಕೆಮ್ತದೆ, ಉಜ್ಜಿದ್ರೆ ಮನೆವರೆಗೆ ಬರ್ತದೆ. ಈ ಎಲೆಕ್ಟ್ರಾನಿಕ್ ಡಬ್ಬಿ ಹೋದ್ರೆ ಮಾತೇ ಇಲ್ಲ. ಕಾಡಲ್ಲಿ ಮೊಬೈಲ್ ಸಿಗ್ನಲ್ಲೂ ಇಲ್ಲ, ನಿಮ್ಮ ಕಾರಿಗೂ ಇಲ್ಲ."

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ. ಆದರೂ ಹಟಕ್ಕೆ ಬಿದ್ದಿದ್ದೆ.

ಅಂಬಾಸಿಡರಿನ ಒಂದು ಅನುಕೂಲ ಅಂದ್ರೆ ಅದರ 1489 ಸಿಸಿ ಎಂಜಿನ್ ಇಂಗ್ಲೆಂಡಿನ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಕಂಪನಿಯ ಬಿ-ಸೀರೀಸ್. ಎಂಜಿಬಿ ಎಂಬ ಸ್ಪೋರ್ಟ್ಸ್ ಕಾರಿನದ್ದೂ ಅದೇ ವಂಶ. ಆ ಕಾರನ್ನು ಪ್ರಾಣಕ್ಕಿಂತ ಹೆಚ್ಚು ಪ್ರೀತಿಸುವ ಜನ ಅಲ್ಲಿ ಇನ್ನೂ ಬೇಕಾದಷ್ಟಿದ್ದಾರೆ. ಹಾಗಾಗಿ ಅದರ ಡಿಸ್ಟ್ರಿಬ್ಯೂಟರ್‌ಗೆ ಎಲೆಕ್ಟ್ರಾನಿಕ್ ಕಿಟ್ ಇವತ್ತಿಗೂ ತಯಾರಾಗುತ್ತದೆ. ನಮ್ಮದರ ಮೈಮೇಲೆ ಮಣ್ಣು, ಗ್ರೀಸ್ ಕೆರೆದು ನೋಡಿದರೆ ಲೂಕಾಸ್ ಟಿವಿಎಸ್, 25ಡಿ4 ಎಂದು ಇತ್ತು. ನಂಬರ್ ನೋಡದೆ ಕಿಟ್ ತರಿಸಬೇಡಿ. 45ಡಿ ಎಂಬ ಅಣ್ಣತಮ್ಮ ಇದೆ, ನೋಡಲು ಒಂದೇ ಥರ, ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಕಿಟ್, ಕೊರಿಯರ್, ಕಸ್ಟಮ್ಸ್ ಎಲ್ಲ ಸೇರಿ ನನಗೆ ಏಳು ಸಾವಿರದ ಹತ್ತಿರ ಬಿತ್ತು. ಪಾಯಿಂಟ್ ಸೆಟ್ಟಿನ ಬೆಲೆ ಗೊತ್ತಿದ್ದವರಿಗೆ ಇದನ್ನು ಹೇಳಬಾರದು. ಮನೆಯಲ್ಲಿ ನಾನೂ ಹೇಳಲಿಲ್ಲ.

ಪೆಟ್ಟಿಗೆ ತೆಗೆದಾಗ ಸ್ವಲ್ಪ ನಿರಾಸೆಯೇ ಆಯಿತು. ಅಂಗೈಯಲ್ಲಿ ಮುಚ್ಚಿಡುವಷ್ಟು ಚಿಕ್ಕದು. ರಾಳದಲ್ಲಿ ಮುಚ್ಚಿದ ಒಂದು ಕಪ್ಪು ಮಾಡ್ಯೂಲ್, ಅದರಿಂದ ಹೊರಟ ಕೆಂಪು, ಕಪ್ಪು ಎರಡು ವೈರು, ನಾಲ್ಕು ಆಯಸ್ಕಾಂತ ಹುದುಗಿದ ಒಂದು ಪ್ಲಾಸ್ಟಿಕ್ ಉಂಗುರ. ಉಂಗುರ ಕ್ಯಾಮ್ ಮೇಲೆ ಕೂತು ಸುತ್ತುತ್ತದೆ. ಒಂದೊಂದು ಆಯಸ್ಕಾಂತ ಎದುರು ಬಂದಾಗಲೂ ಮಾಡ್ಯೂಲಿನ ಒಳಗಿನ ಹಾಲ್ ಸೆನ್ಸರ್‌ಗೆ ಗೊತ್ತಾಗುತ್ತದೆ. ಅದರ ಸೂಚನೆಯಂತೆ ಟ್ರಾನ್ಸಿಸ್ಟರ್ ಕರೆಂಟ್ ಕಡಿಯುತ್ತದೆ. ಉಜ್ಜಾಟ ಇಲ್ಲ, ಕಡಿಯುವ ಜಾಗದಲ್ಲಿ ಕಿಡಿ ಇಲ್ಲ, ಕಂಡೆನ್ಸರ್ ಬೇಡ. ಈ ಸೆನ್ಸರಿನ ಹಿಂದಿರುವ ಹಾಲ್ ಪರಿಣಾಮವನ್ನು ಎಡ್ವಿನ್ ಹಾಲ್ ಕಂಡುಹಿಡಿದದ್ದು 1879ರಲ್ಲಿ, ಅಂದರೆ ಕೆಟರಿಂಗನ ಪಾಯಿಂಟಿಗಿಂತ ಮೂವತ್ತು ವರ್ಷ ಮೊದಲು. ಕಾರಿಗೆ ಅದು ಬರಲು ಟ್ರಾನ್ಸಿಸ್ಟರ್ ಹುಟ್ಟಬೇಕಿತ್ತು.

ಹಾಕುವ ಮೊದಲು ಅಳೆಯುವ ಕೆಲಸ. ಶಾಲೆಯ ಮಲ್ಟಿಮೀಟರ್ ತಂದೆ. ಕಾಯಿಲಿನ ಎರಡು ಸಣ್ಣ ತುದಿಗಳ ನಡುವೆ 3.2 ಓಮ್ ಬಂತು. ಇದು ಮುಖ್ಯ. 3 ಓಮ್ ಇದ್ದರೆ ಮಾಡ್ಯೂಲಿಗೆ ಸರಿ. ಅರ್ಧಕ್ಕರ್ಧ ಕಡಿಮೆ ಇದ್ದರೆ ಅದು ಹೊರಗೊಂದು ರೆಸಿಸ್ಟರ್ ಜೊತೆ ಬಳಸುವ ಬಲಾಸ್ಟ್ ಕಾಯಿಲ್, ಹಾಗೇ ಜೋಡಿಸಿದರೆ ಕರೆಂಟ್ ಜಾಸ್ತಿ ಹರಿದು ಮಾಡ್ಯೂಲ್ ಸುಡುತ್ತದೆ. ಆಮೇಲೆ ಬ್ಯಾಟರಿಯ ಯಾವ ತುದಿ ಬಾಡಿಗೆ ಹೋಗಿದೆ ಎಂದು ನೋಡಿದೆ. ನಮ್ಮದು ಮೈನಸ್. ತುಂಬಾ ಹಳೆಯ ಗಾಡಿಗಳಲ್ಲಿ ಪ್ಲಸ್ ಇರುತ್ತದೆ, ಅದಕ್ಕೆ ಬೇರೆಯೇ ಕಿಟ್. ಪ್ಲಗ್ ವೈರುಗಳನ್ನೂ ಬದಲಿಸಿದೆ. ಇದ್ದದ್ದು ತಾಮ್ರದ ಎಳೆಯವು. ಅವು ರೇಡಿಯೋದಲ್ಲಿ ಗರಗರ ಎನ್ನಿಸುವ ಹಾಗೆ ಮಾಡ್ಯೂಲಿಗೂ ತಲೆಕೆಡಿಸುತ್ತವೆ, ಅದಕ್ಕೇ ಕಾರ್ಬನ್ ಎಳೆಯ ವೈರ್ ಬೇಕು. ಪ್ಲಗ್ಗು ಮಾತ್ರ ಅಪ್ಪಯ್ಯ ಪೆಟ್ಟಿಗೆಯಲ್ಲಿ ಕೂಡಿಟ್ಟಿದ್ದ ಮೈಕೋದವೇ. ಬೆಂಗಳೂರಿನ ಆಡುಗೋಡಿಯ ಮೈಕೋ ಈಗ ಬಾಷ್ ಆಗಿದೆ. ನಮ್ಮ ಪೆಟ್ಟಿಗೆಯಲ್ಲಿ ಅದು ಇನ್ನೂ ಮೈಕೋ.

ಅಪ್ಪಯ್ಯನ ಪೆಟ್ಟಿಗೆಯಲ್ಲಿ ಗ್ಯಾಪ್ ಅಳೆಯುವ ಫೀಲರ್ ಗೇಜ್ ಕೂಡ ಸಿಕ್ಕಿತು, ಪ್ಲಾಸ್ಟಿಕ್ ಕವರಿನಲ್ಲಿ ಎಣ್ಣೆ ಹಚ್ಚಿ ಸುತ್ತಿಟ್ಟದ್ದು. ಅಂದರೆ ಗೇಜ್ ಇದ್ದೂ ಮದುವೆ ಕಾರ್ಡು ಬಳಸುತ್ತಿದ್ದರು! ಕುತೂಹಲಕ್ಕೆ ಲ್ಯಾಬಿನ ಸ್ಕ್ರೂ ಗೇಜಿನಲ್ಲಿ ಕಾರ್ಡು ಅಳೆದೆ. 0.38 ಮಿಲಿಮೀಟರ್. ಪುಸ್ತಕದಲ್ಲಿ ಇರುವುದು 14ರಿಂದ 16 ಥೌ (ಇಂಚಿನ ಸಾವಿರದ ಒಂದು ಭಾಗ ಒಂದು ಥೌ), ಅಂದರೆ 0.36ರಿಂದ 0.41 ಮಿಲಿಮೀಟರ್. ಎಷ್ಟು ಮದುವೆಯ ಕಾರ್ಡು ಅಳೆದು ಇದನ್ನು ಆರಿಸಿದ್ದರೋ ಏನೋ.

ಕಿಟ್ಟಿನ ಜೊತೆಗಿದ್ದ ಕಾಗದದಲ್ಲಿ ಇಪ್ಪತ್ತು ನಿಮಿಷದ ಕೆಲಸ ಎಂದಿತ್ತು. ನನಗೆ ಹಿಡಿದದ್ದು ಒಂಬತ್ತು ದಿನ.

ಮೇಸ್ತ್ರಿ ಬಂದವರೇ, ಸುತ್ತುತ್ತಾ ಒಂದೊಂದೇ ಪ್ಲಗ್ಗಿಗೆ ಕಿಡಿ ಕೊಡುವ ರೋಟರ್ ತೆಗೆದು, ಡಿಸ್ಟ್ರಿಬ್ಯೂಟರ್ ಶಾಫ್ಟಿನ ತಲೆಯನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದರು. ಟಕ್ ಟಕ್ ಎಂದಿತು. "ನಿಮ್ಮ ಕಾಯಿಲೆ ಇಲ್ಲಿದೆ" ಎಂದರು. ಶಾಫ್ಟನ್ನು ಸುತ್ತ ಹಿಡಿದಿರುವ ಬುಷ್ ಸವೆದು ಶಾಫ್ಟ್ ಅಲ್ಲಾಡುತ್ತಿತ್ತು. ಶಾಫ್ಟ್ ಅಲ್ಲಾಡಿದರೆ ಪಾಯಿಂಟ್ ಒಂದು ಸಿಲಿಂಡರಿಗೆ 15 ಥೌ ತೆರೆಯುತ್ತದೆ, ಇನ್ನೊಂದಕ್ಕೆ 11. ಎಷ್ಟು ಮದುವೆ ಕಾರ್ಡು ತೂರಿಸಿದರೂ ನಾಲ್ಕೂ ಒಂದೇ ಸಮ ಬರುವುದಿಲ್ಲ. ಎಲೆಕ್ಟ್ರಾನಿಕ್ ಇದನ್ನು ಸ್ವಲ್ಪ ಸಹಿಸಿಕೊಳ್ಳುತ್ತದೆ, ಆದರೆ ಆಯಸ್ಕಾಂತದ ಉಂಗುರ ಹೋಗಿ ಸೆನ್ಸರಿಗೆ ತಾಗಿದರೆ ಏಳು ಸಾವಿರ ಹೋಯಿತು.

ಹಾಗಾಗಿ ಡಿಸ್ಟ್ರಿಬ್ಯೂಟರನ್ನೇ ಹೊರಗೆ ತೆಗೆದೆವು. ಬಿಚ್ಚುತ್ತಾ ಹೋದ ಹಾಗೆ ಒಂದೊಂದೇ ಗುಟ್ಟು ಬಯಲಾಯಿತು. ಪಾಯಿಂಟ್ ಕೂರುವ ಬೇಸ್ ಪ್ಲೇಟಿನ ಕೆಳಗೆ ಎರಡು ತೂಕದ ಬಿಲ್ಲೆಗಳಿವೆ. ಎಂಜಿನ್ ಜೋರಾದಂತೆ ಅವು ಹೊರಕ್ಕೆ ಹಾರಿ ಕಿಡಿಯನ್ನು ಬೇಗ ಕೊಡಿಸುತ್ತವೆ. ನಮ್ಮವು ಹಳೇ ಗ್ರೀಸು ಒಣಗಿ ಹಲಸಿನ ಮೇಣದ ಹಾಗೆ ಅಂಟಿಕೊಂಡಿದ್ದವು. ಎಷ್ಟು ವರ್ಷದಿಂದ ಹಾರಿರಲಿಲ್ಲವೋ. ಸೀಮೆಎಣ್ಣೆಯಲ್ಲಿ ಒಂದು ರಾತ್ರಿ ನೆನೆಸಿ, ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿದೆ. ಪಕ್ಕದಲ್ಲಿ ತಟ್ಟೆಯ ಹಾಗಿರುವ ವ್ಯಾಕ್ಯೂಮ್ ಡಬ್ಬಿ, ಎಂಜಿನ್ನಿನ ಎಳೆತಕ್ಕೆ ಪ್ಲೇಟನ್ನು ಜರುಗಿಸಿ ಕಿಡಿಯ ಗಳಿಗೆ ಬದಲಿಸುವುದು. ಅದರ ಪೈಪಿಗೆ ಬಾಯಿಟ್ಟು ಎಳೆಯಿರಿ ಎಂದರು ಮೇಸ್ತ್ರಿ. ಎಳೆದೆ. ಬಾಯಿಗೆ ಹಳೇ ಪೆಟ್ರೋಲಿನ ರುಚಿ ಬಂತು, ಪ್ಲೇಟು ಜರುಗಿತು, ನಾಲಿಗೆಯಲ್ಲಿ ಪೈಪ್ ಮುಚ್ಚಿದರೆ ಅಲ್ಲೇ ನಿಂತಿತು. ಒಳಗಿನ ಪೊರೆ, ಡಯಾಫ್ರಂ, ಹರಿದಿಲ್ಲ. ಅದೊಂದು ಉಳಿಯಿತು. ಆ ದಿನ ಕಾಫಿಯೂ ಪೆಟ್ರೋಲ್ ಪೆಟ್ರೋಲ್ ಆಗಿತ್ತು.

ಬುಷ್ ಶಿವಮೊಗ್ಗದ ಒಂದು ಲೇತ್‌ನಲ್ಲಿ ಗನ್‌ಮೆಟಲ್‌ನಿಂದ ಮಾಡಿಸಿದೆ. ಲೇತ್‌ನ ಹುಡುಗ ಶಾಫ್ಟನ್ನು ಹೊಸ ಬುಷ್ಷಿನಲ್ಲಿ ಇಳಿಬಿಟ್ಟು, ಮೇಲಿನ ತೂತಿಗೆ ಬೆರಳು ಒತ್ತಿ ಹಿಡಿದ. ಶಾಫ್ಟ್ ಬೀಳಲಿಲ್ಲ. ಬೆರಳು ತೆಗೆದ, ಮೆತ್ತಗೆ ಇಳಿಯಿತು. "ಗಾಳಿ ಹಿಡಿತದೆ ಸಾರ್" ಎಂದು ನಕ್ಕ. ಆ ಎರಡು ಸೆಕೆಂಡು ನೋಡುವುದಕ್ಕೆ ಶಿವಮೊಗ್ಗದವರೆಗೆ ಬಸ್ಸಿನಲ್ಲಿ ನಿಂತು ಹೋದದ್ದು ಸಾರ್ಥಕ ಅನ್ನಿಸಿತು.

ಶಾಫ್ಟಿನ ಬುಡದಲ್ಲಿ ಎಂಜಿನ್ನಿಗೆ ಕಚ್ಚಿಕೊಳ್ಳುವ ಒಂದು ಡಾಗ್ ಇದೆ. ಅದರ ಎರಡು ಕಿವಿಗಳು ಸರಿಯಾಗಿ ನಡುವಿಗಿಲ್ಲ, ಬೇಕಂತಲೇ ಸ್ವಲ್ಪ ಪಕ್ಕಕ್ಕಿವೆ. ಡಿಸ್ಟ್ರಿಬ್ಯೂಟರ್ ಒಂದೇ ರೀತಿಯಲ್ಲಿ ಕೂರಲಿ, ತಪ್ಪಾಗಿ ಕೂರದಿರಲಿ ಎಂದು. ಒಳ್ಳೆಯ ಉಪಾಯ. ಆದರೆ ಡಾಗನ್ನು ಶಾಫ್ಟಿಗೆ ಹಿಡಿದಿರುವುದು ಅಡ್ಡ ಪಿನ್. ಪಿನ್ ಬಡಿದು ತೆಗೆದವರು ವಾಪಸ್ ಹಾಕುವಾಗ ಡಾಗನ್ನು ತಿರುವು ಮುರುವು ಹಾಕಬಹುದು, ಎರಡು ಕಡೆಗೂ ತೂತು ಕೂಡುತ್ತದೆ. ಬಿಚ್ಚುವಾಗ ಒಂದು ಗುರುತು ಗೀಚಿಕೊಂಡಿದ್ದರೆ ಸಾಕಿತ್ತು. ಮಕ್ಕಳಿಗೆ ದಿನಾ "ಚಿತ್ರ ಬರೆದು ಭಾಗ ಗುರುತಿಸಿ" ಎನ್ನುವವನು ನಾನು. ಗುರುತು ಮಾಡಲಿಲ್ಲ.

ಭಾನುವಾರ ಬೆಳಿಗ್ಗೆ ಜೋಡಿಸಲು ಕೂತೆ. ಮೇಸ್ತ್ರಿ ಇರಲಿಲ್ಲ, ಯಾರದೋ ಗೃಹಪ್ರವೇಶ ಅಂತೆ. ಪಾಯಿಂಟ್, ಕಂಡೆನ್ಸರ್ ಬಿಚ್ಚಿ ಬೇಸ್ ಪ್ಲೇಟ್ ಖಾಲಿ ಮಾಡಿದೆ. ಮಾಡ್ಯೂಲನ್ನು ಸ್ಕ್ರೂನಲ್ಲಿ ಕೂರಿಸಿದೆ. ಉಂಗುರವನ್ನು ಕ್ಯಾಮ್ ಮೇಲೆ ಒತ್ತಿ, ತಳ ಮುಟ್ಟಿತೋ ಎಂದು ಉಗುರಿನಲ್ಲಿ ನೋಡಿ, ಮೇಲೆ ರೋಟರ್ ಹಾಕಿದೆ. ವೈರುಗಳನ್ನು ರಬ್ಬರ್ ಬೂಚಿನಿಂದ ಹೊರಗೆ ತಂದೆ. ಒಳಗೆ ಸ್ವಲ್ಪ ಸಡಿಲ ಬಿಡಬೇಕು, ಇಲ್ಲದಿದ್ದರೆ ಪ್ಲೇಟ್ ಜರುಗುವಾಗ ಎಳೆಯುತ್ತದೆ. ಕೆಂಪು ಕಾಯಿಲಿನ ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ. ಇದನ್ನು ಮಾತ್ರ ಮೂರು ಸಲ ನೋಡಿದೆ. ಅದಲು ಬದಲಾದರೆ ಕೀ ತಿರುಗಿಸಿದ ಕ್ಷಣದಲ್ಲೇ ಮಾಡ್ಯೂಲ್ ಹೋಗುತ್ತದೆ. ಹ್ಯಾಂಡಲ್ ಹಾಕಿ ಎಂಜಿನ್ನನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿ, ಒಳಗೆ ಏನಾದರೂ ಉಜ್ಜುತ್ತದೋ ಎಂದು ಕಿವಿಗೊಟ್ಟೆ. ನಿಶ್ಶಬ್ದ.

ಮಗಳನ್ನು ಸೀಟಿನಲ್ಲಿ ಕೂರಿಸಿ ಸೆಲ್ಫ್ ಹೊಡೆಸಿದೆ. ಎಂಜಿನ್ ತಿರುಗಿತು, ತಿರುಗಿತು, ಆಮೇಲೆ ಕಾರ್ಬುರೇಟರಿನಿಂದ "ಫಟ್!" ಎಂದು ಸಿಡಿಯಿತು. ಅಂಗಳದಲ್ಲಿದ್ದ ನಾಯಿ ಅಡಕೆ ತೋಟಕ್ಕೆ ಓಡಿದ್ದು ಸಂಜೆಯವರೆಗೆ ಬರಲಿಲ್ಲ. ಇನ್ನೊಮ್ಮೆ ಹೊಡೆಸಿದೆ. ಸೈಲೆನ್ಸರಿನಲ್ಲಿ ಇನ್ನೊಂದು. ಒಳಗಿಂದ ಮನೆಯವಳು ಬಂದು ಬಾಗಿಲಲ್ಲಿ ನಿಂತಳು. ಏನೂ ಹೇಳಲಿಲ್ಲ. ಕೊರಿಯರಿನ ಬಿಲ್ಲು ಸಿಕ್ಕಿತ್ತು ಅಂತ ಆಮೇಲೆ ಗೊತ್ತಾಯಿತು.

ಕಿಡಿ ಬರುತ್ತಿತ್ತು, ಪೆಟ್ರೋಲ್ ಬರುತ್ತಿತ್ತು. ಕಿಟ್ಟೇ ಸರಿಯಿಲ್ಲ ಎಂದು ತೀರ್ಮಾನ ಮಾಡಿ, ಕಳಿಸಿದವರಿಗೆ ಉದ್ದ ಇಮೇಲ್ ಕೂಡ ಬರೆದಿಟ್ಟೆ. ಪುಣ್ಯಕ್ಕೆ ಕಳಿಸಲಿಲ್ಲ. ಮರುದಿನ ಮೇಸ್ತ್ರಿ ಬಂದು, ಒಂದನೇ ಪ್ಲಗ್ ಬಿಚ್ಚಿ, ಆ ತೂತಿಗೆ ಹೆಬ್ಬೆರಳು ಇಟ್ಟು, ನನಗೆ ಹ್ಯಾಂಡಲ್ ತಿರುಗಿಸಲು ಹೇಳಿದರು. ಗಾಳಿ ಹೆಬ್ಬೆರಳನ್ನು ತಳ್ಳಿದಾಗ "ನಿಲ್ಸಿ" ಎಂದರು. ಕ್ಯಾಪ್ ತೆಗೆದು ರೋಟರ್ ಎತ್ತ ನೋಡುತ್ತಿದೆ ಎಂದು ತೋರಿಸಿದರು. ಒಂದನೇ ಸಿಲಿಂಡರಿನ ಸರದಿ, ರೋಟರ್ ನಾಲ್ಕನೆಯದನ್ನು ನೋಡುತ್ತಾ ನಿಂತಿತ್ತು. ಡಾಗ್ ಉಲ್ಟಾ ಹಾಕಿದ್ದೆ.

ನಾನು ತಲೆ ಮೇಲೆ ಕೈ ಹೊತ್ತೆ. ಮತ್ತೆ ಎಲ್ಲ ಬಿಚ್ಚಬೇಕಲ್ಲ! ಮೇಸ್ತ್ರಿ ಏನೂ ಬಿಚ್ಚಲಿಲ್ಲ. ಕ್ಯಾಪಿನ ಮೇಲಿನ ನಾಲ್ಕು ವೈರು ಕಿತ್ತು, ಒಂದನೆಯದನ್ನು ನಾಲ್ಕರ ಜಾಗಕ್ಕೆ, ನಾಲ್ಕನ್ನು ಒಂದರದ್ದಕ್ಕೆ, ಎರಡು ಮೂರನ್ನೂ ಹಾಗೇ ಅದಲು ಬದಲು ಮಾಡಿ ಒತ್ತಿದರು. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳಿಗೆ ಕಿಡಿ ಸಿಗುವ ಸರದಿ, 1-3-4-2 ಹಾಗೇ ಉಳಿಯಿತು, ಶುರು ಮಾತ್ರ ಎದುರು ಬದಿಯಿಂದ. "ಹೊಡೀರಿ ಈಗ."

ಅರ್ಧ ಸುತ್ತಿಗೆ ಸ್ಟಾರ್ಟ್ ಆಯಿತು. ಚೋಕ್ ಕೂಡ ಎಳೆದಿರಲಿಲ್ಲ.

ಡಾಗನ್ನು ಆಮೇಲೆ ಸರಿ ಮಾಡಿಸಿದೆ. ನಾಳೆ ಇನ್ಯಾವನೋ ಮೆಕ್ಯಾನಿಕ್ ಪುಸ್ತಕ ನೋಡಿ ವೈರ್ ಹಾಕಿದರೆ ಅವನ ನಾಯಿಯೂ ತೋಟಕ್ಕೆ ಓಡುತ್ತದೆ.

ಟೈಮಿಂಗ್ ಹೊಸದಾಗಿ ಹಿಡಿಯಲೇಬೇಕು. ಪಾಯಿಂಟ್ ತೆರೆಯುತ್ತಿದ್ದ ಜಾಗವೂ ಸೆನ್ಸರ್ ಕಡಿಯುವ ಜಾಗವೂ ಒಂದೇ ಅಲ್ಲ. ಸುಮ್ನೆ ಹಾಕಿ ಓಡಿಸಿದರೆ ಕೆಲವು ಡಿಗ್ರಿ ಆಚೀಚೆ ಆಗಿರುತ್ತದೆ. ಟೈಮಿಂಗ್ ಲೈಟ್ ಒಂದನ್ನು ಸಾಲ ತಂದಿದ್ದೆ. ಅದರ ಕ್ಲಿಪ್ಪನ್ನು ಒಂದನೇ ಪ್ಲಗ್ ವೈರಿಗೆ ಸಿಕ್ಕಿಸಿದರೆ ಪ್ರತಿ ಕಿಡಿಗೂ ಒಮ್ಮೆ ಮಿಂಚುತ್ತದೆ. ನಮ್ಮ ಕಾರಿನಲ್ಲಿ ಟೈಮಿಂಗ್ ಗುರುತು ಇರುವುದು ಎಂಜಿನ್ನಿನ ಮುಂದೆ ಕೆಳಗಡೆ. ರಾತ್ರಿ ಎಂಟಕ್ಕೆ, ಗೋಣಿಚೀಲ ಹಾಸಿ, ಕಾರಿನ ಮೂತಿಯ ಕೆಳಗೆ ಮಲಗಿದೆ. ಪುಲ್ಲಿಯ ಕಚ್ಚಿಗೆ ಶಾಲೆಯ ವೈಟ್‌ನರ್ ಹಚ್ಚಿದ್ದೆ. ವ್ಯಾಕ್ಯೂಮ್ ಪೈಪ್ ಕಿತ್ತು ಬಾಯಿ ಮುಚ್ಚಿ, ಎಂಜಿನ್ ನಿಧಾನಕ್ಕೆ ಓಡುತ್ತಿರುವಾಗ ಲೈಟ್ ಹಿಡಿದೆ.

ಆ ನೋಟ ಮರೆಯುವುದಿಲ್ಲ. ಸುತ್ತುತ್ತಿರುವ ಪುಲ್ಲಿ ಕತ್ತಲಲ್ಲಿ ನಿಂತೇ ಬಿಟ್ಟಿದೆ. ಬಿಳಿ ಗೆರೆ ಅಲುಗದೆ ಮುಳ್ಳಿನ ಎದುರು ಕೂತಿದೆ. ಇದೇ ಲೈಟಿನಲ್ಲಿ ಪಾಯಿಂಟ್ ಇದ್ದಾಗಲೂ ಒಮ್ಮೆ ನೋಡಿದ್ದೆ. ಆಗ ಗೆರೆ ನಡುಗುತ್ತಿತ್ತು, ಒಂದು ಬೆರಳಗಲ ಅತ್ತಿತ್ತ ಕುಣಿಯುತ್ತಿತ್ತು. ನಿಜ ಹೇಳಬೇಕೆಂದರೆ ಆ ಕುಣಿತ ನಿಂತದ್ದರಲ್ಲಿ ಮಾಡ್ಯೂಲಿನದು ಎಷ್ಟು, ಲೇತ್‌ನ ಹುಡುಗನದು ಎಷ್ಟು ಎಂದು ಬಿಡಿಸಿ ಹೇಳಲು ನನಗೆ ಆಗುವುದಿಲ್ಲ. ನನ್ನ ಊಹೆ ಕೇಳಿದರೆ ಹುಡುಗನಿಗೇ ಜಾಸ್ತಿ ಕೊಡುತ್ತೇನೆ.

ಪುಸ್ತಕದ ಡಿಗ್ರಿಗೆ ಹಿಡಿದು ಬಿಗಿ ಮಾಡಿದೆ. ಮೇಸ್ತ್ರಿ ಒಂದು ಸುತ್ತು ಓಡಿಸಿ ಬಂದು, ಡಿಸ್ಟ್ರಿಬ್ಯೂಟರಿನ ಪಕ್ಕದ ಪುಟ್ಟ ತಿರುಪನ್ನು ಟಿಕ್ ಟಿಕ್ ಎಂದು ಸ್ವಲ್ಪ ತಿರುಗಿಸಿದರು. ಏರಿನಲ್ಲಿ ನಾಲ್ಕನೇ ಗೇರಿನಲ್ಲೇ ಒತ್ತಿದರೆ ಎಂಜಿನ್ ಒಳಗೆ ಸಣ್ಣಗೆ ಕಿಣಿಕಿಣಿ ಬಂದು ಹೋಗಬೇಕಂತೆ, ನಿಲ್ಲಬಾರದಂತೆ. ಅವರ ಲೈಟು ಅದೇ. ಅವರು ಹಿಡಿದದ್ದನ್ನು ನಾನು ಮುಟ್ಟಲಿಲ್ಲ.

ಹನ್ನೆರಡು ದಿನ ಚಂದ ಓಡಿತು. ಹದಿಮೂರನೇ ದಿನ ಕೊಪ್ಪದ ರಸ್ತೆಯಲ್ಲಿ ಜರ್ಕ್ ಶುರು. ನಿಂತಾಗ ಸರಿ, ಪೂರ್ತಿ ಒತ್ತಿದಾಗ ಸರಿ. ನಲವತ್ತು ಐವತ್ತರಲ್ಲಿ ಹಗುರಾಗಿ ಹೋಗುವಾಗ ಮಾತ್ರ ಯಾರೋ ಹಿಂದಿನಿಂದ ಜಗ್ಗಿದ ಹಾಗೆ. ಮೇಸ್ತ್ರಿ "ನಾನು ಹೇಳಿರಲಿಲ್ವಾ?" ಎನ್ನುತ್ತಾರೆ ಎಂದುಕೊಂಡಿದ್ದೆ. ಹೇಳಲಿಲ್ಲ. ಎಂಜಿನ್ ಓಡುತ್ತಿರುವಾಗ ವ್ಯಾಕ್ಯೂಮ್ ಪೈಪ್ ಕಿತ್ತು ತಾವೇ ಬಾಯಿಟ್ಟು ಎಳೆದರು. ಎಂಜಿನ್ ಸ್ವಲ್ಪ ಜೋರಾಗಬೇಕಿತ್ತು. ಪಕ್ಕನೆ ಆಫ್ ಆಯಿತು. ಬಿಟ್ಟು, ಸ್ಟಾರ್ಟ್ ಮಾಡಿ, ಮತ್ತೆ ಎಳೆದರು. ಮತ್ತೆ ಆಫ್. "ಅರ್ತಿಂಗ್" ಎಂದರು.

ಬೇಸ್ ಪ್ಲೇಟ್ ಎರಡು ಪದರದ್ದು. ಮೇಲಿನದು ಜರುಗುತ್ತದೆ, ಕೆಳಗಿನದು ಗಟ್ಟಿ. ಎರಡರ ನಡುವೆ ಬಟ್ಟೆ ಸುತ್ತಿದ ಎರಡಿಂಚಿನ ಒಂದು ಅರ್ತ್ ವೈರ್ ಇರುತ್ತದೆ. ಮಾಡ್ಯೂಲಿಗೆ ಅರ್ತ್ ಸಿಗುವುದು ಅದರಿಂದಲೇ. ನಮ್ಮದು ಹೊರಗಿನಿಂದ ಸರಿಯಾಗಿತ್ತು, ಒಳಗೆ ಎಳೆಗಳು ತುಂಡಾಗಿ ಬಟ್ಟೆಯಲ್ಲಿ ಜೋತಾಡುತ್ತಿದ್ದವು. ಪ್ಲೇಟ್ ಜರುಗಿದಾಗೆಲ್ಲ ಬಿಡುತ್ತಿತ್ತು. ಪಾಯಿಂಟಿಗೂ ಅರ್ತ್ ಅದೇ ವೈರಿನಿಂದ. ಅಂದರೆ ಎಷ್ಟು ಸಲ ಇದರ ತಪ್ಪಿಗೆ ಪಾಯಿಂಟ್ ಬದಲಿಸಿದ್ದೆನೋ ದೇವರಿಗೇ ಗೊತ್ತು. ಮಾಮೂಲಿ ವೈರ್ ಹಾಕಿದರೆ ಬಗ್ಗಿ ಬಗ್ಗಿ ತುಂಡಾಗುತ್ತದೆ, ಕೂದಲಿನಂಥ ಎಳೆಗಳ ಮೆತ್ತನೆ ವೈರ್ ಬೇಕು. ಹಾಳಾದ ಒಂದು ಮಲ್ಟಿಮೀಟರಿನ ಕಪ್ಪು ಲೀಡ್ ಕತ್ತರಿಸಿ ಬೆಸುಗೆ ಹಾಕಿದೆ. ಜರ್ಕ್ ಅಂದಿಗೆ ಹೋದದ್ದು ಮತ್ತೆ ಬಂದಿಲ್ಲ.

ಈಗ ಎರಡು ಮಳೆಗಾಲ ಕಳೆದಿದೆ. ಬೆಳಿಗ್ಗೆ ಚಳಿಯಲ್ಲಿ ಸೆಲ್ಫ್ ಮುಟ್ಟಿದರೆ ಸಾಕು. ನಿಂತಲ್ಲಿ ಎಂಜಿನ್ ನಡುಗುವುದಿಲ್ಲ. ಎಮಿಷನ್ ಟೆಸ್ಟಿನಲ್ಲಿ ಹೈಡ್ರೋಕಾರ್ಬನ್ ಮೊದಲು 1,300 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ) ಆಸುಪಾಸು ಇತ್ತು. ಇಂಥ ಹಳೇ ಗಾಡಿಗೆ ಮಿತಿ 1,500. ಈಗ 700ಕ್ಕೆ ಇಳಿದಿದೆ, ಮಿಸ್ಸಾಗಿ ಸುಡದೆ ಹೋಗುತ್ತಿದ್ದ ಪೆಟ್ರೋಲ್ ಈಗ ಸುಡುತ್ತಿದೆ. ಆದರೆ ಮೈಲೇಜ್ ಮೊದಲು ಒಂಬತ್ತು ಕೊಡುತ್ತಿತ್ತು, ಈಗಲೂ ಒಂಬತ್ತೇ. ಪಿಕಪ್ ಹೆಚ್ಚಾಯಿತು ಅಂತ ಯಾರಾದರೂ ಹೇಳಿದರೆ ಅವರ ತೂಕದ ಬಿಲ್ಲೆಗಳು ಮೊದಲು ಅಂಟಿಕೊಂಡಿದ್ದವು ಅಂತಲೇ ಅರ್ಥ.

ಮನೆಯಲ್ಲಿ ಒಂದು ಹೊಸ ಕಾನೂನು ಬಂದಿದೆ. ಎಂಜಿನ್ ಓಡದೆ ಕೀ ಆನ್ ಇಡುವಂತಿಲ್ಲ. ನಮ್ಮ ಮಾಡ್ಯೂಲಿಗೆ ಅದು ಆಗಿ ಬರುವುದಿಲ್ಲ, ಒಳಗೇ ಬಿಸಿಯಾಗಿ ಸುಡುತ್ತದೆ. ಮಗಳಿಗೆ ಅಂಗಳದಲ್ಲಿ ಕಾರಿನೊಳಗೆ ಕೂತು ಹಾಡು ಕೇಳುವ ಅಭ್ಯಾಸ. ಅವಳಿಗಾಗಿ ಸ್ಟೀರಿಯೋಗೆ ಬ್ಯಾಟರಿಯಿಂದಲೇ ಬೇರೆ ವೈರ್ ಎಳೆದುಕೊಟ್ಟೆ. ಈಗ ಬ್ಯಾಟರಿ ಇಳಿಯುತ್ತದೆ, ಅದು ಬೇರೆ ವಿಷಯ.

ಕಾಡಲ್ಲಿ ಡಬ್ಬಿ ಹೋದರೆ ಏನು ಎಂಬ ಮೇಸ್ತ್ರಿಯ ಪ್ರಶ್ನೆಗೆ ಅವರೇ ಒಂದು ದಾರಿ ಮಾಡಿಕೊಟ್ಟರು. ಗುಜರಿಯಿಂದ ಇನ್ನೊಂದು ಬೇಸ್ ಪ್ಲೇಟ್ ತಂದು, ಅದಕ್ಕೆ ಪಾಯಿಂಟ್, ಕಂಡೆನ್ಸರ್, ಹೊಸ ಅರ್ತ್ ವೈರ್ ಎಲ್ಲ ಕೂರಿಸಿ, ಗ್ಯಾಪ್ ಹಿಡಿದು, ಹಾರ್ಲಿಕ್ಸ್ ಬಾಟಲಿಯಲ್ಲಿ ಹಾಕಿ ಡಿಕ್ಕಿಯಲ್ಲಿ ಇಟ್ಟರು. ಮಾಡ್ಯೂಲ್ ಕೈಕೊಟ್ಟರೆ ಎರಡು ಸ್ಕ್ರೂ, ಎರಡು ವೈರ್, ಪ್ಲೇಟ್ ಬದಲು. ಒಮ್ಮೆ ಅಂಗಳದಲ್ಲಿ ಗಡಿಯಾರ ಇಟ್ಟುಕೊಂಡು ಮಾಡಿ ನೋಡಿದೆ, ಇಪ್ಪತ್ತೆರಡು ನಿಮಿಷ. ಮಂಜಿನಲ್ಲಿ, ಒಂಬತ್ತನೇ ತಿರುವಿನಲ್ಲಿ, ಹಿಂದೆ ಬಸ್ಸಿದ್ದರೆ ಎಷ್ಟೋ.

ಬಾಟಲಿ ಮುಚ್ಚುವ ಮುಂಚೆ ಮೇಸ್ತ್ರಿ, "ಮೇಷ್ಟ್ರೇ, ಆ ಕಾರ್ಡು ಎಲ್ಲಿ?" ಎಂದರು. ಫೀಲರ್ ಗೇಜನ್ನೇ ಹಾಕೋಣ ಎಂದೆ. "ಗೇಜ್ ಮಳೇಲಿ ತುಕ್ಕು ಹಿಡಿತದೆ ಮಾರಾಯ್ರೆ" ಎಂದು, ಡ್ಯಾಶ್‌ಬೋರ್ಡಿನಿಂದ ಚಿಕ್ಕಮ್ಮನ ಮದುವೆ ಕಾರ್ಡು ತೆಗೆದು, ನಾಲ್ಕು ಮಡಿಕೆ ಮಾಡದೆ, ಉದ್ದಕ್ಕೆ ಸುರುಳಿ ಸುತ್ತಿ, ಬಾಟಲಿಯೊಳಗೆ ಇಳಿಬಿಟ್ಟರು.